ಕಾಳೇಗೌಡರ ಗಾಜಿನ ಗದ್ದೆ
ಕೆ.ಆರ್. ನಗರದ ನನ್ನ ಅಕ್ವೇರಿಯಂ ಅಂಗಡಿಗೆ ಬರುವವರೆಲ್ಲ ತೊಟ್ಟಿಯಲ್ಲಿ ಮೀನು ನೋಡುತ್ತಾರೆ. ಸಾಲಿಗ್ರಾಮದ ಕಾಳೇಗೌಡರು ಮಾತ್ರ ಗಿಡದ ಬೇರು ನೋಡುತ್ತಾರೆ. ಅವರ ಬಾಯಲ್ಲಿ ಅಕ್ವೇರಿಯಂ ಎಂದರೆ ಗದ್ದೆ, ಪಾಚಿ ಎಂದರೆ ಕಳೆ. ಮೀನು ಕೊಂಡದ್ದೂ ಗೊಬ್ಬರಕ್ಕೇ: "ಚೆಂದ ಕಟ್ಕಂಡು ಏನಾಗ್ಬೇಕು ಸಾಬ್ರೇ, ಚೆನ್ನಾಗಿ ತಿಂದು ಚೆನ್ನಾಗಿ ಹಾಕೋವು ಕೊಡಿ." ನೆಟ್ಟ ವಾರಕ್ಕೇ ಎಲೆ ಕರಗಿದಾಗ, ಆ ಗಿಡವನ್ನು ಒದ್ದೆ ಟವೆಲಿನಲ್ಲಿ ಸುತ್ತಿಕೊಂಡು ಜಗಳಕ್ಕೇ ಬಂದರು. "ಇದು ಸತ್ರೆ ಮನೇಲಿ ನಾನು ಮುಖ ತೋರ್ಸಂಗಿಲ್ಲ ಕಣ್ರೀ!" "ನಾಟಿ ಆದ ಪೈರೂ ಮೊದ್ಲು ಹಳದಿ ಆಗಲ್ವಾ ಗೌಡ್ರೇ? ಬೇರು ಅಲ್ಲಾಡಿಸ್ಬ್ಯಾಡಿ, ಹೊಸ ಎಲೆ ಬತ್ತದೆ" ಎಂದೆ. "ನಂಗೇ ನಾಟಿ ಏಳ್ಕೊಡ್ತೀರಾ?" ಎಂದು ನಕ್ಕರೂ, ಆಮೇಲೆ ಪ್ರತಿ ಸಂತೆಗೂ ಬಂದು ಎಷ್ಟು ಎಲೆ ಚಿಗುರಿತೆಂದು ವರದಿ ಒಪ್ಪಿಸಿದರು. ಕಾಡಿನ ಹಾಗೆ ಚೆದುರಿಸಿ ನೆಡಿ ಎಂದರೆ ಕೇಳುವವರಲ್ಲ, ಹಗ್ಗ ಹಿಡಿದಂತೆ ಸಾಲು. ತೊಟ್ಟಿ ಕೊಳ್ಳುವಾಗಲೂ ಅದರ ಸ್ಟ್ಯಾಂಡು ಮೊಣಕಾಲಿಗಿಂತ ಎತ್ತರವಿರಬಾರದೆಂದು ಹಟ ಹಿಡಿದಾಗ, ಕಬ್ಬಿಣ ಉಳಿಸುವ ಜಿಪುಣತನವೆಂದುಕೊಂಡೆ. ಮೊನ್ನೆ ಫಿಲ್ಟರ್ ಕೂರಿಸಲು ಮನೆಗೆ ಹೋದೆ. ತೊಟ್ಟಿ ಒಂದು ಮಂಚದ ಪಕ್ಕದಲ್ಲಿ, ಸರಿಯಾಗಿ ದಿಂಬಿನ ಮಟ್ಟಕ್ಕಿತ್ತು. ಮಂಚದ ಮೇಲೆ ಅವರ ಹೆಂಡತಿ ಜಯಮ್ಮ. ಮೂವತ್ತು ವರ್ಷ ನಾಟಿಯ ಹೆಂಗಸರಿಗೆ ಮುಂದಾಳಾಗಿದ್ದವರು, ಲಕ್ವ ಹೊಡೆದ ಮೇಲೆ ಎರಡು ವರ್ಷದಿಂದ ಗದ್ದೆ ಕಂಡಿಲ್ಲ. "ಆ ಸಾಲು ಸೊಟ್ಟಗದೆ, ಕಿತ್ತು ನೆಡಿ" ಎಂದು ಮಲಗಿದಲ್ಲಿಂದಲೇ ಗದರಿದರು. ಬೇರು ಅಲ್ಲಾಡಿಸಬೇಡಿ ಎನ್ನಲು ಬಾಯಿ ತೆರೆದವನು, ಗೌಡರು ಆಗಲೇ ಅಂಗಿಯ ತೋಳು ಮಡಚಿ ನೀರಿಗೆ ಕೈ ಹಾಕಿದ್ದು ನೋಡಿ, ಫಿಲ್ಟರನ್ನು ಪಕ್ಕಕ್ಕಿಟ್ಟು ಜಾಗ ಬಿಟ್ಟೆ.