ಮುಂದಿನ ಕಾಲು

ಅಥವಾ ಆ ಕಾರು ಹಸಿರು ಬಣ್ಣದ್ದೇ ಅಲ್ಲವೇನೋ. ಇಷ್ಟು ವರ್ಷ ಹಸಿರು ಎನ್ನುತ್ತ ಬಂದಿದ್ದೇನೆ. ಹೇಳಿ ಹೇಳಿ ನಾನೇ ಅದಕ್ಕೆ ಬಣ್ಣ ಹೊಡೆದಿರಬಹುದು. ನೀವು ಕೇಳುವಾಗ ಬಣ್ಣ ಬಿಟ್ಟು ಕೇಳಿ. ಮೊನ್ನೆ ಚಪ್ಪಲಿಯ ಉಂಗುಟ ಹೊಲಿಸಲು ರಸ್ತೆ ಬದಿಯಲ್ಲಿ ಕುಳಿತಿದ್ದಾಗ ನೆನೆಹಾಕಿದ ಚರ್ಮದ ವಾಸನೆ ಬಂತು. ಹಸಿ ಚರ್ಮ, ಅದರ ಮೇಲೆ ಎಂಥದೋ ಎಣ್ಣೆ. ಮೊದಲು ನೆನಪಾದದ್ದು ಅದೇ ವಾಸನೆಯ ಒಂದು ಕೈ. ಆಮೇಲೆ ಆ ಕೈಯ ಯಜಮಾನ ಶಾಂತಪ್ಪ. ಕಾರು ಬಂದದ್ದು ಕೊನೆಗೆ, ಅದೂ ಬಣ್ಣವಿಲ್ಲದೆ.

ಶಾಂತಪ್ಪ ಬನವಾಸಿ ಕಡೆಯ ಒಕ್ಕಲುತನದ ಮನೆಯವನು. ಅಕ್ಕಿ ಗಿರಣಿಯ ಎಂಜಿನ್ ನೋಡಿಕೊಳ್ಳುತ್ತ ಯಂತ್ರದ ಹುಚ್ಚು ಹತ್ತಿಸಿಕೊಂಡು ಶಿರಸಿಗೆ ಬಂದು ತಗಡಿನ ಶೆಡ್ಡೊಂದರಲ್ಲಿ ದುರಸ್ತಿ ಅಂಗಡಿ ಇಟ್ಟಿದ್ದ. ಹಣೆಯ ವಿಭೂತಿ ಮಧ್ಯಾಹ್ನದ ಹೊತ್ತಿಗೆ ಗ್ರೀಸಿನಲ್ಲಿ ಕಲಸಿಹೋಗುತ್ತಿತ್ತು. ವಯಸ್ಸು ನನ್ನಷ್ಟೇ. ನಾನು ಹೈಸ್ಕೂಲಿನಲ್ಲಿ ಕನ್ನಡ ಕಲಿಸುತ್ತಿದ್ದೆ. ಸಂಜೆ ಅವನ ಶೆಡ್ಡಿನಲ್ಲಿ ಹಳೆಯ ಟಯರಿನ ಮೇಲೆ ಕುಳಿತು ಹರಟುವುದು ನನ್ನ ಚಟ. ಅರವತ್ತರ ದಶಕದ ಮೊದಲ ವರ್ಷಗಳು ಅವು, ಇಸವಿ ಕೇಳಬೇಡಿ.

ನನ್ನ ಸೋದರತ್ತೆ, ಗೌರತ್ತೆ, ನನ್ನ ಜೊತೆಗೇ ಇದ್ದಳು. ಎರಡೂ ಕಣ್ಣಿಗೆ ಪೊರೆ ಬಂದಿತ್ತು. ಹಿಂದಿನ ವರ್ಷ ಯಲ್ಲಾಪುರದ ಶಾಲೆಯೊಂದರಲ್ಲಿ ನಡೆದ ಕಣ್ಣಿನ ಶಿಬಿರದಲ್ಲಿ ಒಂದು ಕಣ್ಣಿನ ಆಪರೇಷನ್ ಆಗಿತ್ತು. ಮನೆಗೆ ಹೋಗುವಾಗ ತಲೆ ಅಲುಗಬಾರದು ಎಂದು ಡಾಕ್ಟರು ಹೇಳಿದ್ದರು. ನಾನು ಮಂಚಿಕೇರಿ ಮೇಲಿನ ಹೊಂಡದ ರಸ್ತೆಯಲ್ಲಿ ಬಸ್ಸಿನಲ್ಲೇ ಶಿರಸಿಗೆ ಕರೆತಂದೆ. ಬಂದ ಎರಡು ದಿನಕ್ಕೆ ಕಣ್ಣು ಕೆಂಪಾಗಿ ನೋವೆದ್ದು, ಆ ಕಣ್ಣಿನ ಬೆಳಕೇ ಹೋಯಿತು. ರಸ್ತೆ ಮಾಡಿದ ಕೆಲಸ ಎಂದು ಎಲ್ಲರೂ ಹೇಳಿದರು. ಬಸ್ಸು ಹತ್ತಿಸಿದವನು ನಾನು ಎಂಬುದನ್ನು ಯಾರೂ ಹೇಳಲಿಲ್ಲ, ಗೌರತ್ತೆಯೂ.

ಈ ಸಲ ಯಲ್ಲಾಪುರದಲ್ಲೇ ಉಳಿದ ಕಣ್ಣು. ಆಪರೇಷನ್ ಮುಗಿದಿತ್ತು; ಹತ್ತು ದಿನಕ್ಕೆ ಶಿಬಿರ ಎತ್ತುತ್ತಾರೆ, ಅಷ್ಟರೊಳಗೆ ಕರೆತರಬೇಕು. ನೋಡಲು ಹೋದಾಗ ಕಣ್ಣಿಗೆ ಪಟ್ಟಿ, ತಲೆಯ ಎರಡೂ ಬದಿಗೆ ಮರಳಿನ ಚೀಲ ಇಟ್ಟುಕೊಂಡು ಮಲಗಿದ್ದವಳು ಹೇಳಿದಳು: "ತಮಾ, ಒಂದು ಕಣ್ಣ ಮಂಚಿಕೇರಿ ರಸ್ತೆಗೆ ಕೊಟ್ಟಾತು. ಇನ್ನೊಂದ ಕೊಡಲೆ ಆನು ಎಂತ ಕರ್ಣನ?"

ನಮ್ಮ ಸೀಮೆಯಲ್ಲಿ ಮೆತ್ತಗೆ ಓಡುವುದೆಂದು ಹೆಸರಾದ ಕಾರು ಆಗ ಒಂದೇ. ಸಿದ್ದಾಪುರದಲ್ಲಿ ಮರದ ನಾಟಾ ವ್ಯಾಪಾರ ಮಾಡುವ ಸಾಹುಕಾರರೊಬ್ಬರ ಹಳೆಯ ಇಂಗ್ಲಿಷ್ ಕಾರು. ಬೇರೆ ಕಾರುಗಳಿಗೆ ಮುಂದೆಯೂ ಹಿಂದೆಯೂ ಪಾಟಾ, ಅಂದರೆ ಒಂದರ ಮೇಲೊಂದು ಕಟ್ಟಿದ ಉಕ್ಕಿನ ಪಟ್ಟಿಗಳು. ಇದಕ್ಕೆ ಹಿಂದೆ ಮಾತ್ರ ಪಾಟಾ. ಮುಂದಿನ ಒಂದೊಂದು ಗಾಲಿಯ ಮೇಲೂ ನೆಟ್ಟಗೆ ನಿಂತ ಒಂದು ದಪ್ಪ ಕೊಳವೆ. ಸುತ್ತ ಸುರುಳಿ ಸ್ಪ್ರಿಂಗು, ಒಳಗೆ ಎಣ್ಣೆ, ಎಣ್ಣೆಯಲ್ಲಿ ಮೇಲೆ ಕೆಳಗೆ ಆಡುವ ರಾಡು. ಅದಕ್ಕೆ ಸ್ಟ್ರಟ್ ಎನ್ನುತ್ತಾರೆಂದು ನನಗೆ ತಿಳಿದದ್ದು ಎಷ್ಟೋ ಕಾಲದ ಮೇಲೆ. ಶಾಂತಪ್ಪ ಅದನ್ನು ಕಾಲು ಎನ್ನುತ್ತಿದ್ದ. ಎಡಗಾಲಿನ ಎಣ್ಣೆ ಸೋರಿ ಕಾರು ಕುಂಟುತ್ತ ಶೆಡ್ಡು ಸೇರಿತ್ತು. "ರಿಪೇರಿ ಮಾಡಿಸ್ಕೊಂಡು ಒಯ್ಯಿ ಮಾರಾಯ, ನನ್ನ ಡ್ರೈವರನ್ನೂ ಕರ್ಕೊಂಡು ಹೋಗು," ಎಂದರು ಸಾಹುಕಾರರು.

ಹುಬ್ಬಳ್ಳಿಯ ಸಾಮಾನಿನ ಅಂಗಡಿಗೆ ಕಾಗದ ಬರೆಯುವ ಕೆಲಸ ನನ್ನದಾಯಿತು. ಚೊಕ್ಕ ಕನ್ನಡದಲ್ಲಿ ಬರೆದೆ: "ಸಾಹುಕಾರರ ಕಾರಿಗೆ ಮುಂದಿನ ಕಾಲು, ಎಣ್ಣೆ ಸಹಿತ, ಕೂಡಲೇ ಕಳಿಸಬೇಕು." ನಾಲ್ಕನೆಯ ದಿನ ಬಸ್ಸಿನಲ್ಲಿ ಪಾರ್ಸೆಲ್ಲು ಬಂತು. ಬಿಚ್ಚಿದರೆ ಕಾಲು ಡಬ್ಬಿ ಎಂಜಿನ್ ಎಣ್ಣೆ.

ಶಾಂತಪ್ಪ ಡಬ್ಬಿಯನ್ನು ತಿರುವಿ ಮುರುವಿ ನೋಡಿದ. "ಮಾಸ್ತರ, ಏನಂತ ಬರದಿದ್ರಿ?" ಹೇಳಿದೆ. ಅವನು ನೆಲಕ್ಕೆ ಕುಳಿತು ನಕ್ಕ. "ಸಾಹುಕಾರರು ಮೊದಲೂ ಅಲ್ಲಿಂದನ ಎಣ್ಣಿ ತರಸ್ತಿದ್ರು. ಮುಂದಿನ ಕಾಲು ಅಂದ್ರ ಅವರು ಇನ್ನೊಂದು ಕಾಲು ಡಬ್ಬಿ ಅಂತ ತಿಳಕೊಂಡಾರ. ನೀವು ಮುಂದಿನ ಅರ್ಧ ಅಂತ ಬರದಿದ್ರ ಅರ್ಧ ಡಬ್ಬಿ ಬರ್ತಿತ್ತು ನೋಡ್ರಿ."

ಆ ವಾರ ನಾನು ತರಗತಿಯಲ್ಲಿ ಶ್ಲೇಷಾಲಂಕಾರ ಪಾಠ ಮಾಡುತ್ತಿದ್ದೆ. ಒಂದೇ ಶಬ್ದದಲ್ಲಿ ಎರಡು ಅರ್ಥ ಅಡಗಿರುವ ಸೊಬಗು, ಎಂದು ಬೋರ್ಡಿನ ಮೇಲೆ ಬರೆದಿದ್ದೆ.

ಕಳೆದುಹೋದ ನಾಲ್ಕು ದಿನ ಮಾತ್ರ ನಗುವಂಥದ್ದಾಗಿರಲಿಲ್ಲ. ಇನ್ನೊಂದು ಕಾಗದ ಹೋಗಿ ಬರಲು ಸಮಯವಿರಲಿಲ್ಲ. ಹೋದರೂ ಆ ಕಾರಿನ ಕಾಲು ಹುಬ್ಬಳ್ಳಿಯಲ್ಲಿ ಸಿಗುತ್ತಿತ್ತೆಂಬ ಭರವಸೆಯೂ ಇರಲಿಲ್ಲ. ಶಾಂತಪ್ಪ ಕಾಲನ್ನು ಬಿಚ್ಚಿ ಹಲಗೆಯ ಮೇಲೆ ಮಲಗಿಸಿ, ಎಣ್ಣೆ ಸೋರುವ ಕಡೆ ಬೆರಳಿಟ್ಟು ಬಹಳ ಹೊತ್ತು ಕುಳಿತ. ರಾಡು ಹೊರಬರುವ ಬಾಯಲ್ಲಿ ಎಣ್ಣೆ ತಡೆಯುವ ಬಿಲ್ಲೆ ಹರಿದಿತ್ತು, ಅಷ್ಟೆ. ಎದ್ದವನೇ ಹುಲೇಕಲ್ ಬಸ್ಸು ಹತ್ತಿದ. ತಿರುಗಿ ಬಂದಾಗ ಅವನ ಕೈಯಲ್ಲಿ ದಾರಕ್ಕೆ ಪೋಣಿಸಿದ ಚರ್ಮದ ವಾಶರುಗಳ ಮಾಲೆ. ಅಡಿಕೆಯ ಕೊಳೆರೋಗಕ್ಕೆ ಮೈಲುತುತ್ತದ ಔಷಧಿ ಹೊಡೆಯುವ ಪಂಪಿನವು.

"ಪಂಪಿನೊಳಗ ಮೈಲುತುತ್ತ ತಡಿಯೋ ಚರ್ಮ, ಎಣ್ಣಿ ತಡೀಲಿಕ್ಕಿಲ್ಲೇನ್ರಿ?"

ಬೆಚ್ಚಗಿನ ನೀರಿನಲ್ಲಿ ನೆನೆಸಿ, ನಡುವಿನ ತೂತನ್ನು ರಾಡಿನ ಅಳತೆಗೆ ಕೊರೆದು, ಹರಳೆಣ್ಣೆ ಕುಡಿಸಿ, ಐದನ್ನು ಕೆಡಿಸಿದ. ಆರನೆಯದು ಕೂತಿತು. ಈಗ ನಿಮಗೆ ಅನಿಸುತ್ತಿರಬಹುದು: ತಪ್ಪಿ ಬಂದ ಆ ಕಾಲು ಡಬ್ಬಿ ಎಣ್ಣೆಯನ್ನೇ ಕಾಲಿಗೆ ತುಂಬಿದ. ಹಾಗೆ ನಾನು ನಾಲ್ಕಾರು ಕಡೆ ಹೇಳಿದ್ದೇನೆ ಕೂಡ, ಕೇಳಿದವರು ಸಂತೋಷಪಟ್ಟಿದ್ದಾರೆ. ಆದರೆ ಎಂಜಿನ್ ಎಣ್ಣೆ ದಪ್ಪ, ಕಾಲಿಗೆ ತಾಳುವುದಿಲ್ಲ ಎಂದು ಅವನು ಗೊಣಗಿದ್ದೂ ನೆನಪಿದೆ. ಎರಡೂ ನಿಜವಾಗಿರಲಾರವು.

ಇನ್ನೊಬ್ಬನಾಗಿದ್ದರೆ ಕೆಲಸ ಇಲ್ಲಿಗೆ ಮುಗಿಯಿತು ಎನ್ನುತ್ತಿದ್ದ. ಶಾಂತಪ್ಪ ಕಾರಿನ ಹಿಂದಿನ ಸೀಟಿನಲ್ಲಿ ಅಂಗಾತ ಮಲಗಿ, ಹೆಗಲ ಮೇಲಿನ ವಸ್ತ್ರದಿಂದ ಕಣ್ಣು ಕಟ್ಟಿಕೊಂಡ. "ಯಲ್ಲಾಪುರ ರಸ್ತಿ ಹಿಡಿದು ಭೈರುಂಬಿ ತನಕ ಹೊಡಿರಿ," ಎಂದು ಸಾಹುಕಾರರ ಡ್ರೈವರಿಗೆ ಹೇಳಿದ.

"ಕಣ್ಣು ಯಾಕೆ ಕಟ್ಕೊಂಡೆ?" ಎಂದೆ.

"ಕಣ್ಣಿದ್ದವರು ತಗ್ಗು ಕಂಡ ಕೂಡ್ಲೆ ಮೈ ಬಿಗಿ ಹಿಡಿತಾರ್ರಿ, ಅವರಿಗೇ ಗೊತ್ತಿಲ್ಲದಂಗ. ಪಟ್ಟಿ ಕಟ್ಟಿದವರಿಗೆ ತಗ್ಗಿನಾಗ ಬಿದ್ದ ಮ್ಯಾಲೆ ಗೊತ್ತು. ಅಮ್ಮಾರ ಕುಲುಕು ಬ್ಯಾರೆ, ನಮ್ಮ ಕುಲುಕು ಬ್ಯಾರೆ."

ವರ್ಷವಿಡೀ ಅದೇ ಬಸ್ಸಿನ ಪ್ರಯಾಣವನ್ನು ಮನಸ್ಸಿನಲ್ಲಿ ತಿರುಗಿಸಿ ನೋಡಿದ್ದ ನನಗೆ ಇದು ಹೊಳೆದಿರಲಿಲ್ಲ. ನಾನು ಮುಂದಿನ ಸೀಟಿನಲ್ಲಿದ್ದೆ. ಪ್ರತಿ ಹೊಂಡಕ್ಕೂ ಹಿಂದಿನಿಂದ ಹ್ಞೂಂ ಎಂಬ ಸದ್ದು; ಯಾವ ಮರದ ಹತ್ತಿರ, ಯಾವ ತಿರುವಿನಲ್ಲಿ ಎಂದು ನಾನು ಚೀಟಿಯಲ್ಲಿ ಬರೆದುಕೊಂಡೆ. ಭೈರುಂಬೆಯಲ್ಲಿ ಇಳಿದವನು ರಸ್ತೆ ಬದಿಗೆ ವಾಂತಿ ಮಾಡಿ, ಬಾಯಿ ಒರೆಸಿಕೊಂಡು, "ಮುಂದ ಮೆತ್ತಗಾಗೇತಿ. ಹಿಂದ ಒದಿತದ," ಎಂದ. ವಾಪಸು ಬಂದು ಹಿಂದಿನ ಪಾಟಾದಿಂದ ಎರಡೆರಡು ಪಟ್ಟಿ ತೆಗೆದ. ಮತ್ತೆ ಕಣ್ಣು ಕಟ್ಟಿಕೊಂಡು ಮಲಗಿದ. ಒಟ್ಟು ಮೂರು ಸಲ ಹೋದೆವು ಎಂದು ನನ್ನ ನೆನಪು. ಒಂದೇ ಸಲವಾಗಿದ್ದರೂ ನಾನು ಮೂರು ಎಂದೇ ಹೇಳುತ್ತಿದ್ದೆ.

ಕರೆತರುವ ದಿನ ಡ್ರೈವರನ್ನು ಬಿಟ್ಟು ಅವನೇ ಕಾರು ನಡೆಸಿದ. ಗೌರತ್ತೆ ಹಿಂದೆ ಮಲಗಿದ್ದಳು; ಅವಳ ತಲೆ ನನ್ನ ಎರಡು ಕೈಗಳ ನಡುವೆ. ಮಂಚಿಕೇರಿ ದಾಟಿದ ಮೇಲೆ ಶಾಂತಪ್ಪ ತಿರುಗದೆ ಕೇಳಿದ: "ಅಮ್ಮಾರ, ಎಲ್ಲೆರ ಕುಲುಕಿತೇನ್ರಿ?"

"ಇಲ್ಲೆ," ಎಂದಳು ಗೌರತ್ತೆ.

ಕಾರು ನಿಂತಿತು. ಅವನು ಇಳಿದು, ಬಗ್ಗಿ, ಗಾಲಿಯ ಕೆಳಗೆ ತೂರಿ ನೋಡತೊಡಗಿದ. ನಮ್ಮ ಮನೆಮಾತಿನಲ್ಲಿ ಇಲ್ಲೆ ಅಂದರೆ ಇಲ್ಲ. ಅವನ ಊರಿನ ಮಾತಿನಲ್ಲಿ ಇದೇ ಜಾಗ. ಶಿರಸಿಯಲ್ಲಿ ಅಷ್ಟು ವರ್ಷ ಇದ್ದವನಿಗೆ ಅದು ಗೊತ್ತಿಲ್ಲವೆಂದಲ್ಲ. ಆ ದಿನ ಅವನ ಕಿವಿ ಹೆದರಿ ಬನವಾಸಿಗೆ ವಾಪಸು ಹೋಗಿತ್ತು.

"ಎಂತಕ್ಕೆ ನಿಂತ್ಯ ತಮಾ?" ಎಂದು ಗೌರತ್ತೆ ಕೇಳಿದಳು. ವಿಷಯ ಹೇಳಿದೆ. ನಗು ಬಂದು ಅವಳ ತಲೆ ನನ್ನ ಕೈಯಲ್ಲಿ ನಡುಗಿತು. "ಅತ್ತೆ, ನಗಡ," ಎಂದು ನಾನು ಗಟ್ಟಿಯಾಗಿ ಹಿಡಿದುಕೊಂಡೆ. ಅಷ್ಟು ಹೊತ್ತಿನಲ್ಲಿ ಅವಳ ತಲೆ ಅಲುಗಿದ್ದು ಅದೊಂದೇ ಸಲ.

ಪಟ್ಟಿ ಬಿಚ್ಚಿದ ಮೇಲೆ ಕಣ್ಣು ಕಂಡಿತು. ದಪ್ಪ ಗಾಜಿನ ಕನ್ನಡಕ ಹಾಕಿಕೊಂಡು ಬಹಳ ವರ್ಷ ಬದುಕಿದಳು. ನನ್ನ ಅಕ್ಷರ ಕೆಟ್ಟದ್ದೆಂದು ಕಂಡುಹಿಡಿದವಳೂ ಅವಳೇ. ಶಾಂತಪ್ಪ ಆಮೇಲೆ ಹಾವೇರಿ ಕಡೆಗೆ ಹೋದ. ವಿಳಾಸ ನನ್ನಲ್ಲಿಲ್ಲ.

ಹೋದ ವರ್ಷ ನನ್ನ ಕಣ್ಣಿನ ಪೊರೆ ತೆಗೆಸಿದೆ. ಅರ್ಧ ತಾಸಿನಲ್ಲಿ ಮುಗಿಯಿತು, ರಿಕ್ಷಾದಲ್ಲಿ ಮನೆಗೆ ಬಂದೆ. ಅತ್ತೆಯ ಮೊದಲ ಕಣ್ಣಿನ ಕತೆಯನ್ನು ಡಾಕ್ಟರಿಗೆ ಹೇಳಿದೆ. ಆಕೆ, "ಕೆಂಪಾಗಿ ನೋವು ಬಂತು ಅಂತೀರಲ್ಲ ಸರ್, ಅದು ನಂಜಾಗಿದ್ದೇ ಇರಬಹುದು. ಕುಲುಕಿದ್ದರಿಂದಲೂ ಇರಬಹುದು. ನೋಡದೆ ಹೇಗೆ ಹೇಳೋದು?" ಎಂದರು.

ಅಂದಿನಿಂದ ಈ ಕತೆಯನ್ನು ಮೊದಲಿನ ಹಾಗೆ ಹೇಳಲು ಆಗುತ್ತಿಲ್ಲ. ಮೊದಲ ಕಣ್ಣು ರಸ್ತೆಯಲ್ಲಿ ಹೋಯಿತೇ, ಗೊತ್ತಿಲ್ಲ. ಎರಡನೆಯದು ಆ ಚರ್ಮದ ಬಿಲ್ಲೆಯಿಂದ ಉಳಿಯಿತೇ, ಅದೂ ಗೊತ್ತಿಲ್ಲ. ಕಣ್ಣು ಕಟ್ಟಿಕೊಂಡು ಮಲಗಿದವನಿಗೆ, ನಿನ್ನಿಂದ ಉಳಿಯಿತು ಎಂದು ನಾನು ಒಮ್ಮೆಯಾದರೂ ಬಾಯಿಬಿಟ್ಟು ಹೇಳಿದ್ದೆನೇ ಎಂದು ಎಷ್ಟು ಕೆದಕಿದರೂ ನೆನಪಾಗುವುದಿಲ್ಲ.