ತಂಗಿಯ ಆಫೀಸಿನ ಫೋನು

ಹಲಸೂರಿನಲ್ಲಿ ನನ್ನದೊಂದು ಸಣ್ಣ ಅಂಗಡಿ. ಸೀರೆಗೆ ಫಾಲ್ಸ್ ಹಚ್ಚುವುದು, ಅಂಚಿಗೆ ಪಿಕೋ ಹೊಡೆಯುವುದು ನನ್ನ ಕೆಲಸ. ತೊಂಬತ್ತರ ದಶಕದ ಕೊನೆಯಲ್ಲಿ ನನ್ನ ತಂಗಿ ಸಾಫ್ಟ್‌ವೇರ್ ಕಂಪನಿ ಶುರು ಮಾಡಿದ್ದು ಇದೇ ಅಂಗಡಿಯ ಹಿಂದಿನ ಕೋಣೆಯಲ್ಲಿ. ಅದು ಒಂದು ವರ್ಷವೂ ನಡೆಯಲಿಲ್ಲ. ಯಾರಾದರೂ ಕಾರಣ ಕೇಳಿದರೆ ಆಗ ಪೈಪೋಟಿ ಜಾಸ್ತಿ ಇತ್ತು ಎನ್ನುತ್ತಾ ಬಂದಿದ್ದೇನೆ. ಅದು ಸುಳ್ಳು.

ಕಂಪನಿ ಎಂದರೆ ಅವಳೊಬ್ಬಳೇ. ಒಂದು ಸೆಕೆಂಡ್ ಹ್ಯಾಂಡ್ ಕಂಪ್ಯೂಟರ್, ಅದಕ್ಕೆ ಹೊದಿಸಲು ನಾನು ಹೊಲಿದುಕೊಟ್ಟ ಬಟ್ಟೆ, ಒಂದು ಡಬ್ಬಿ ಫ್ಲಾಪಿ. ನರ್ಸಿಂಗ್ ಹೋಮು, ಮೆಡಿಕಲ್ ಶಾಪುಗಳಿಗೆ ಬಿಲ್ ಹಾಕುವ ಪ್ರೋಗ್ರಾಮ್ ಬರೆದಿದ್ದಳು. ಬೆಳಿಗ್ಗೆ ಶಿವಾಜಿನಗರದ ಬಸ್ಸು ಹತ್ತಿದರೆ ಸಂಜೆಯವರೆಗೂ ತಿರುಗಿ ವಿಸಿಟಿಂಗ್ ಕಾರ್ಡ್ ಹಂಚಿ ಬರುತ್ತಿದ್ದಳು.

ಆಗ ಸ್ವಂತ ಫೋನ್ ಇಲ್ಲದವರು ಪಕ್ಕದವರ ನಂಬರ್ ಕೊಟ್ಟು, ಜೊತೆಗೆ ಪಿ.ಪಿ. ಎಂದು ಬರೆಸುತ್ತಿದ್ದರು. ಫೋನ್ ಬೇರೆಯವರದು, ಹೇಳಿದರೆ ಕರೆದುಕೊಡುತ್ತಾರೆ ಎಂದು ಅರ್ಥ. ಅವಳ ಕಾರ್ಡಿನಲ್ಲಿ ನನ್ನ ಅಂಗಡಿಯ ನಂಬರಿತ್ತು, ಪಿ.ಪಿ. ಮಾತ್ರ ಇರಲಿಲ್ಲ.

“ಪಿ.ಪಿ. ನೋಡಿದ್ರೆ ಯಾರೂ ಕೆಲ್ಸ ಕೊಡಲ್ಲ ಅಕ್ಕಾ. ಆಫೀಸ್ ಇದೆ ಅನ್ಕೋಬೇಕು.”

“ಆಫೀಸಲ್ಲಿ ಯಾರೇ ಇರ್ತಾರೆ?”

“ನೀನೇ!”

ಅಮ್ಮ ತೀರಿಕೊಂಡ ಮೇಲೆ ಐದನೆಯ ಕ್ಲಾಸಿಗೆ ಶಾಲೆ ಬಿಟ್ಟು ಅವಳನ್ನು ಬೆಳೆಸಿದವಳು ನಾನು. ನನಗೆ ಇಂಗ್ಲಿಷ್ ಎಲ್ಲಿಂದ ಬರಬೇಕು? ಅವಳು ಒಂದು ರಟ್ಟಿನ ಮೇಲೆ ಮೂರು ಇಂಗ್ಲಿಷ್ ವಾಕ್ಯಗಳನ್ನು ಕನ್ನಡ ಅಕ್ಷರದಲ್ಲಿ ಬರೆದು ಗೋಡೆಗೆ ತೂಗುಹಾಕಿದಳು. ಗುಡ್ ಮಾರ್ನಿಂಗ್, ಮೇಡಂ ಮೀಟಿಂಗಿನಲ್ಲಿದ್ದಾರೆ, ನಿಮ್ಮ ನಂಬರ್ ಕೊಡಿ. ಫೋನ್ ಬಂದರೆ ಮೊದಲು ಮಿಷನ್ ನಿಲ್ಲಿಸಿ ಆಮೇಲೆ ಎತ್ತಬೇಕು. ಇಬ್ಬರೂ ಅಭ್ಯಾಸ ಮಾಡಿ ಹೊಟ್ಟೆ ಹುಣ್ಣಾಗುವಂತೆ ನಕ್ಕಿದ್ದೆವು.

ಪುಲಿಕೇಶಿನಗರದ ನರ್ಸಿಂಗ್ ಹೋಮೊಂದರ ಡಾಕ್ಟರಮ್ಮ ಅವಳ ಪ್ರೋಗ್ರಾಮ್ ನೋಡಿ ಮೆಚ್ಚಿಕೊಂಡು, ಫೋನ್ ಮಾಡಿ ತಿಳಿಸುತ್ತೇನೆ ಎಂದಿದ್ದರು. “ಇದೊಂದು ಆರ್ಡರ್ ಆದ್ರೆ ನಾಲ್ಕು ಕಡೆ ತೋರಿಸ್ಬೋದು ಅಕ್ಕಾ. ಇಂದಿರಾನಗರದಲ್ಲಿ ಒಂದು ರೂಮ್ ಮಾಡಿ ಅಲ್ಲೇ ಇದ್ಬಿಡ್ತೀನಿ,” ಎಂದು ತಂಗಿ ಕುಣಿದಾಡಿದಳು.

ಫೋನ್ ಬಂದೇ ಬಂತು. ನಾನು ಮೂರೂ ವಾಕ್ಯ ಒಪ್ಪಿಸಿದೆ. ಆ ಕಡೆಯಿಂದ ಬೇರೇನೋ ಕೇಳಿದರು. ನಾನು ಮತ್ತೆ ಗುಡ್ ಮಾರ್ನಿಂಗ್ ಎಂದೆ. ಸೀರೆ ಕೊಡಲು ಬಂದಿದ್ದ ಮರ್ಫಿ ಟೌನಿನ ಹೆಂಗಸು ಬಾಯಿಗೆ ಸೆರಗು ಹಿಡಿದು, “ಏನಮ್ಮಾ, ದೊರೆಸಾನಿ ಆಗ್ಬಿಟ್ಯಾ?” ಎಂದು ನಕ್ಕಳು. ನಾನು ರಾಂಗ್ ನಂಬರ್ ಎಂದು ಇಟ್ಟುಬಿಟ್ಟೆ. ಮತ್ತೆ ಬಂತು. ಮತ್ತೆ ಅದನ್ನೇ ಹೇಳಿದೆ.

ಸಂಜೆ ಅವಳು ಚಪ್ಪಲಿ ಬಿಡುವ ಮೊದಲೇ ಕೇಳಿದಳು, “ಫೋನ್ ಬಂತಾ?”

“ಇಲ್ಲ ಕಣೇ.”

ಆಮೇಲೆ ಇಂಗ್ಲಿಷಿನಲ್ಲಿ ಬಂದ ಕರೆಗೆಲ್ಲ ಅದೇ ಉತ್ತರ. ವಾರ ಕಳೆದ ಮೇಲೆ ಅವಳೇ ನರ್ಸಿಂಗ್ ಹೋಮಿಗೆ ಹೋದಳು. ಕೆಲಸ ಬೇರೆಯವರ ಪಾಲಾಗಿತ್ತು. “ರಾಂಗ್ ನಂಬರ್ ಅಂದ್ರಂತೆ ಅಕ್ಕಾ,” ಎಂದಳು. ಲೈನು ಸರಿಯಿಲ್ಲವೇನೋ ಎಂದೆ.

ಮರುದಿನ ಮಧ್ಯಾಹ್ನ ಫೋನ್ ಬಂತು. ಹೆಂಗಸಿನ ದನಿ, ಇಂಗ್ಲಿಷು. ರಾಂಗ್ ನಂಬರ್ ಎಂದೆ. ಇಡುವಷ್ಟರಲ್ಲಿ, “ಅಕ್ಕಾ, ನಾನು,” ಎಂದು ಕೇಳಿಸಿತು. ತಲೆ ಎತ್ತಿದೆ. ರಸ್ತೆಯ ಆಚೆ, ಬೇಕರಿಯ ಕಾಯಿನ್ ಬಾಕ್ಸಿನ ಮುಂದೆ ರಿಸೀವರ್ ಹಿಡಿದು ನಿಂತಿದ್ದಳು.

ರಸ್ತೆ ದಾಟಿ ಬಂದಳು. “ಜನ ಇದ್ದಾಗ ನಾಚಿಕೆ ಆಗತ್ತೆ ಕಣೇ,” ಎಂದೆ.

ಗಿರಾಕಿಗಳು ಕೂರುವ ಬೆಂಚು ಖಾಲಿ ಇರುವುದನ್ನು ನೋಡಿದಳು. “ಈಗ ಯಾರಿದ್ರು ಅಕ್ಕಾ?”

ನನ್ನಲ್ಲಿ ಉತ್ತರವಿರಲಿಲ್ಲ ಎಂದರೆ ಅದೂ ಸುಳ್ಳಾಗುತ್ತದೆ. ನಾಚಿಕೆ ಮೊದಲ ದಿನದ್ದು. ಆಮೇಲಿನದೆಲ್ಲ ಇಂದಿರಾನಗರದ ಆ ರೂಮು ಆಗಬಾರದೆಂದು. ಅವಳು ಹೋದರೆ ರಾತ್ರಿ ಯಾರಿಗೆ ಅನ್ನ ಬಡಿಸಲಿ ಎಂದು ಯೋಚಿಸುತ್ತಿದ್ದೆ. ಕನ್ನಡದಲ್ಲಿ ಮಾತಾಡಿ ಎಂದಿದ್ದರೆ ಡಾಕ್ಟರಮ್ಮ ಮಾತಾಡುತ್ತಿದ್ದರೇನೋ. ನಾನು ಒಂದು ಸಲವೂ ಹಾಗೆ ಹೇಳಲಿಲ್ಲ.

ತಂಗಿ ಬೈಯಲಿಲ್ಲ. ಇನ್ನೂ ಕೆಲವು ತಿಂಗಳು ಕಾರ್ಡಿನ ನಂಬರನ್ನು ಪೆನ್ನಿನಿಂದ ಹೊಡೆದುಹಾಕಿ ಹಂಚಿದಳು. ನಂಬರಿಲ್ಲದ ಕಂಪನಿಗೆ ಯಾರು ಕೆಲಸ ಕೊಡುತ್ತಾರೆ? ಕೊನೆಗೆ ಒಂದು ಆಫೀಸಿನಲ್ಲಿ ನೌಕರಿಗೆ ಸೇರಿ, ಕಗ್ಗದಾಸಪುರದಲ್ಲಿ ಬಾಡಿಗೆ ಕೋಣೆ ಹಿಡಿದಳು. ಹೋದವಳು ಹಿಂದಿರುಗಲಿಲ್ಲ. ಹಬ್ಬಕ್ಕೆ ಬರುತ್ತಾಳೆ, ಹಣ್ಣು ತರುತ್ತಾಳೆ, ಬಸ್ಸಿಗೆ ಹೊತ್ತಾಯಿತೆಂದು ಏಳುತ್ತಾಳೆ. ಒಬ್ಬಳಿಗೆಂದು ಅಕ್ಕಿ ತೊಳೆಯುವಾಗ ಇಂದಿಗೂ ನನ್ನ ಕೈ ಅಳತೆ ತಪ್ಪುತ್ತದೆ.

ಮೊನ್ನೆ ಯುಗಾದಿಗೆ ಬಂದಾಗ ಹೇಳಿಯೇಬಿಡಬೇಕೆಂದು ಪಕ್ಕದಲ್ಲಿ ಕೂತೆ. “ಅವತ್ತು ಅಂಗಡೀಲಿ ಯಾರೂ ಇರ್ಲಿಲ್ಲ ಕಣೇ,” ಎಂದೆ.

“ಯಾವತ್ತಕ್ಕಾ?”

ನಿಜವಾಗಿ ಮರೆತಿದ್ದಳೋ, ಬೇಕೆಂದೇ ನನ್ನನ್ನು ಪಾರುಮಾಡುತ್ತಿದ್ದಳೋ ತಿಳಿಯಲಿಲ್ಲ. ನನ್ನ ಮುಖವನ್ನೇ ನೋಡುತ್ತಾ ಕಾದಳು. ನಾನು ಕಾಫಿ ಇಡುತ್ತೇನೆಂದು ಎದ್ದು ಒಳಗೆ ಹೋದೆ.