ಮಾತಾಡಿದ್ದಕ್ಕೆ ದಂಡ

ಒಂಬತ್ತು ದಿನದ ಕೂಲಿ ಇನ್ನೂ ಬರಬೇಕು. ಸ್ಟೀಲ್ ಪಾತ್ರೆ ಕಾರ್ಖಾನೆಯವರು ಹಿಡಿದುಕೊಂಡಿದ್ದಾರೆ. ಚೀಟಿಯಲ್ಲಿ ಕಾರಣ ಬರೆದಿದೆ: ಕೆಲಸದ ಹೊತ್ತಿನಲ್ಲಿ ಮಾತು. ಆ ಕೂಲಿ ಸೇರಬೇಕಾದವಳು ಹುಟ್ಟು ಕಿವುಡಿ. ಇವತ್ತಿನವರೆಗೆ ಅವಳ ಬಾಯಿಂದ ಒಂದು ಮಾತು ಹೊರಟಿಲ್ಲ.

ಕಾರ್ಖಾನೆಯಲ್ಲಿ ಅವಳನ್ನು ಎಲ್ಲರೂ ತಂಗಿ ಅಂತಲೇ ಕರೆಯುತ್ತಾರೆ, ಅವಳಿಗಿಂತ ಹತ್ತು ವರ್ಷ ಚಿಕ್ಕವರೂ. ಅಕ್ಕ ಅಲ್ಲಿ ಮೊದಲೇ ಕೆಲಸಕ್ಕಿದ್ದಳು, ಆ ಲೆಕ್ಕದಲ್ಲಿ ತಂಗಿ. ಚಿಕ್ಕಂದಿನಲ್ಲಿ ಅಮ್ಮ ಮತ್ತು ಈ ಇಬ್ಬರೂ ಸೇರಿ ಕೈಯಲ್ಲೇ ಒಂದು ಮಾತು ಕಟ್ಟಿಕೊಂಡಿದ್ದರು. ಬೀದಿಯವರು ಅದಕ್ಕೆ ಕೋತಿ ಚೇಷ್ಟೆ ಅನ್ನುತ್ತಿದ್ದರು. ಅದಕ್ಕೇ ತಂಗಿ ಹೊರಗೆ ಬಂದರೆ ಕೈ ಹಿಂದೆ ಕಟ್ಟಿಕೊಂಡೇ ನಡೆಯುತ್ತಿದ್ದಳು.

ಪ್ರೆಸ್ ಶೆಡ್ಡಿನಲ್ಲಿ ಹದಿನಾಲ್ಕು ಯಂತ್ರ. ಒಂದೊಂದು ಏಟಿಗೂ ಒಂದು ತಗಡು ತಟ್ಟೆಯಾಗಿ ಬೀಳುತ್ತದೆ, ನೆಲ ಅದುರುತ್ತದೆ. ಗಂಟಲು ಹರಿಯುವಂತೆ ಕೂಗಿದರೂ ಪಕ್ಕದವನಿಗೆ ನಿಮ್ಮ ಹಲ್ಲು ಮಾತ್ರ ಕಾಣುತ್ತದೆ. ಅಂಥಲ್ಲಿ ಈ ಅಕ್ಕತಂಗಿ ಶೆಡ್ಡಿನ ಈ ತುದಿಯಿಂದ ಆ ತುದಿಗೆ ಸಲೀಸಾಗಿ ಹರಟುವುದನ್ನು ಜನ ನೋಡಿದರು. ಮೊದಲು ಹೊಟ್ಟೆ ಉರಿದುಕೊಂಡರು, ಆಮೇಲೆ ಕಲಿತರು. 'ನಿಲ್ಲಿಸು', 'ಅಚ್ಚು ಸಡಿಲ', 'ಕೈ ತೆಗಿ' ವಾರದಲ್ಲಿ ಬಂದವು. ಬೈಗುಳ ಎರಡೇ ದಿನಕ್ಕೆ ಬಂದವು. ವರ್ಷದೊಳಗೆ ಅರವತ್ತು ಜನರಿಗೂ ಕೈಯಲ್ಲಿ ಒಂದೊಂದು ಹೆಸರಿತ್ತು. ಮೇಸ್ತ್ರಿಗೆ ಗಳಿಗೆಗೊಮ್ಮೆ ಪ್ಯಾಂಟು ಮೇಲೆಳೆದುಕೊಳ್ಳುವ ಚಟ. ಅದೇ ಅವನ ಹೆಸರಾಯಿತು. ತನ್ನನ್ನು ನೋಡಿ ನಗುತ್ತಾರೆ ಅನ್ನುವುದಷ್ಟೇ ಅವನಿಗೆ ತಿಳಿಯಿತು. ಇದಕ್ಕೆಲ್ಲ ಗುರು ಯಾರು ಅಂತ ಪತ್ತೆ ಮಾಡಿ ತಂಗಿಯ ಕೂಲಿಗೆ ಕತ್ತರಿ ಹಾಕತೊಡಗಿದ.

ಅಷ್ಟರಲ್ಲಿ ಐದನೇ ಪ್ರೆಸ್ಸಿನವನ ಎರಡು ಬೆರಳು ಹೋದವು. ಅಚ್ಚು ಬೀಳುವಾಗ ಕೈಗೆ ಅಡ್ಡ ಬರಬೇಕಾದ ಜಾಲರಿಯನ್ನು ಯಾರೋ ಎತ್ತಿ ಕಟ್ಟಿದ್ದರು. ಅವನೇ ಕಟ್ಟಿಕೊಂಡಿದ್ದು, ಪರಿಹಾರ ಇಲ್ಲ ಅಂದರು ಮಾಲೀಕರು. ಕಟ್ಟಿದವರನ್ನು ಕಣ್ಣಾರೆ ಕಂಡವಳು ತಂಗಿ ಒಬ್ಬಳೇ.

ಕಾರ್ಮಿಕ ಇಲಾಖೆಯವರು ಕಾರ್ಖಾನೆಗೇ ಬಂದು ನಡೆಸಿದ ವಿಚಾರಣೆಯ ದಿನ ತಂಗಿ ಕೈಯೆತ್ತಿದ ಕೂಡಲೇ ಅಧಿಕಾರಿ ಪೆನ್ನಿಗೆ ಮುಚ್ಚಳ ಹಾಕಿದರು. ಕೈಯಾಡಿಸಿದ್ದನ್ನೆಲ್ಲ ಹೇಳಿಕೆ ಅಂತ ಬರೆಯೋಕಾಗಲ್ಲ ಅಂದರು. ಕಾರ್ಮಿಕ ಸಂಘದ ಕಡೆಯಿಂದ ಹೋಗಿದ್ದ ನಾವು ನಾಲ್ವರು, ಮೈಕು ಸಿಕ್ಕರೆ ಬಿಡದವರು, ನೆಲ ನೋಡಿದೆವು. ಅಕ್ಕ ಕೈಚೀಲದಿಂದ ಒಂಬತ್ತು ಚೀಟಿ ತೆಗೆದು ಮೇಜಿನ ಮೇಲೆ ಹರಡಿದಳು.

"ಸಾರ್, ಕೂಲಿ ಹಿಡಿಯುವಾಗ ಇದು ಮಾತು. ಸಾಕ್ಷಿ ಅಂದ ತಕ್ಷಣ ಕೈಯಾಡಿಸೋದಾ? ಯಾವುದಾದ್ರೂ ಒಂದು ಹೇಳಿ."

ಅಧಿಕಾರಿ ಚೀಟಿಗಳನ್ನು ಓದಿದರು, ಕೆಳಗಿದ್ದ ಮೇಸ್ತ್ರಿಯ ಸಹಿ ನೋಡಿದರು. ನೀನು ಒಡಹುಟ್ಟಿದವಳು, ನಿನಗೆ ಬೇಕಾದ ಹಾಗೆ ಅರ್ಥ ಹೇಳ್ತೀಯ ಅಂತ ಹೊಸ ತಗಾದೆ ತೆಗೆದರು. ಹಾಗಾದರೆ ನಾನು ಹೊರಗಿರ್ತೀನಿ, ಶೆಡ್ಡಿಂದ ಯಾರನ್ನಾದರೂ ಕರೆಸಿ ಅಂತ ಅಕ್ಕ ಎದ್ದು ಹೋದಳು. ತಗಡು ಕತ್ತರಿಸುವವನು, ಪಾಲಿಶ್ ಮಾಡುವವಳು, ಪ್ಯಾಕಿಂಗಿನ ಮುದುಕ ಒಬ್ಬೊಬ್ಬರಾಗಿ ಬಂದರು. ಮೂರು ಸಲವೂ ತಂಗಿ ಅದನ್ನೇ ಹೇಳಿದಳು, ಮೂವರೂ ಅದನ್ನೇ ಓದಿದರು: ಬೆಳಿಗ್ಗೆ ಬಂದ, ತಂತಿ ತಂದ, ಜಾಲರಿ ಎತ್ತಿ ಕಟ್ಟಿದ, ಬೇಗ ಬೇಗ ಅಂತ ಕೈ ಬೀಸಿದ. ಯಾರು ಅಂತ ಕೇಳಿದಾಗ ತಂಗಿ ಸೊಂಟಕ್ಕೆ ಎರಡೂ ಕೈ ಹಾಕಿ ಮೇಲೆಳೆದಳು. ಮೂರನೆಯ ಸಲ ಅರ್ಥ ಹೇಳುವವರೇ ಬೇಕಾಗಲಿಲ್ಲ. ಗೋಡೆಗೆ ಒರಗಿ ಬೆವರುತ್ತಿದ್ದ ಮೇಸ್ತ್ರಿ ಅದೇ ಹೊತ್ತಿಗೆ ಪ್ಯಾಂಟು ಮೇಲೆಳೆದುಕೊಂಡ.

ಅಧಿಕಾರಿ ಪೆನ್ನಿನ ಮುಚ್ಚಳ ತೆಗೆದರು.

ಪರಿಹಾರ ಬಂತು. ಗಾಯ ಮಾಗಿ ಕೆಲಸಕ್ಕೆ ಮರಳಿದ ದಿನ ಐದನೇ ಪ್ರೆಸ್ಸಿನವನು ಉಳಿದ ಎಂಟು ಬೆರಳಲ್ಲಿ ತಂಗಿಗೆ ಏನೋ ಹೇಳಿದ. ಅವಳು ಬಿದ್ದು ಬಿದ್ದು ನಕ್ಕು, ಕೈಯಲ್ಲೇ ಏನೋ ತಿರುಗಿ ಹೇಳಿದಳು. ಏನಂತೆ ಅಂದೆ ಅಕ್ಕನಿಗೆ. "ನಿನ್ನ ಮಾತು ಈಗ ತೊದಲುತ್ತೆ ಕಣೋ ಅಂತ ರೇಗಿಸ್ತಿದಾಳೆ" ಅಂದಳು.

ಆ ಒಂಬತ್ತು ದಿನದ ಕೂಲಿ ಕೇಳಲು ಹೋದರೆ ಮಾಲೀಕರು ನಕ್ಕರು. ಅದು ಮಾತೇ ಅಂತ ನೀವೇ ಸಾಬೀತು ಮಾಡಿದ್ದೀರಲ್ಲ, ಅಂದಮೇಲೆ ದಂಡ ಸರಿಯಾಗಿದೆ ಅಂದರು. ನಾವು ನಾಲ್ವರು ಮತ್ತೆ ನೆಲ ನೋಡಿದೆವು. ಈ ಸಲ ತಂಗಿಯೇ ಮುಂದೆ ಬಂದಳು. ಅವಳ ಕೈಗೆ ಅಕ್ಕ ಬಾಯಿ ಕೊಟ್ಟಳು.

"ಹೌದು, ಮಾತೇ. ನನ್ನ ಮಾತಿಂದ ಆ ಶೆಡ್ಡಲ್ಲಿ ಎಷ್ಟು ಬೆರಳು ಉಳಿದಿವೆ, ಹೋಗಿ ಎಣಿಸಿ. ಅದು ಕೆಲಸ. ಕೂಲಿ ಕೊಡಿ."

ಈಗ ಅವಳು ಕೈ ಹಿಂದೆ ಕಟ್ಟಿಕೊಳ್ಳುವುದಿಲ್ಲ. ಶಿಫ್ಟ್ ಬಿಟ್ಟಾಗ ಗೇಟಿನಿಂದ ಬಸ್ ನಿಲ್ದಾಣದವರೆಗೆ ಅರವತ್ತು ಜನ ಅವಳೊಂದಿಗೆ ಕೈಯಲ್ಲೇ ಜಗಳವಾಡುತ್ತಾ, ಚಾಡಿ ಹೇಳುತ್ತಾ ಹೋಗುತ್ತಾರೆ. ಬೀದಿಯವರು ನಿಂತು ನೋಡುತ್ತಾರೆ. ನಲವತ್ತು ವರ್ಷ ಘೋಷಣೆ ಕೂಗಿದವನು ನಾನು, ಇಂಥ ಮೆರವಣಿಗೆ ಕಂಡಿಲ್ಲ.

ಸೋಮವಾರ ಹತ್ತು ಗಂಟೆಗೆ ಆ ಗೇಟಿನ ಮುಂದೆ ಕೂರುತ್ತೇವೆ. ಇದನ್ನು ಓದಿ, ಪಾಪ ಅಂದು ಮಡಚಿಡಬೇಡಿ, ಬನ್ನಿ. ಬರುವಾಗ ಅವಳ ಭಾಷೆಯ ಒಂದು ಮಾತು ಕಲಿತು ಬನ್ನಿ. ಎಡ ಅಂಗೈ ಮುಂದೆ ಚಾಚಿ, ಬಲಗೈಯಿಂದ ಅದರ ಮೇಲೆ ಎರಡು ಸಲ ತಟ್ಟಿ. 'ಕೊಡು' ಅಂತ ಅರ್ಥ. ಮಾಲೀಕರ ಕಿಟಕಿಯ ಕಡೆ ತಿರುಗಿ ಹೇಳಿ.